ಬಿಸಿಚೀಲದ ವಾಪಸಾತಿ

ತಾವಾಗಿ ಬಂದು ತಪ್ಪೊಪ್ಪಿಕೊಳ್ಳುವವರನ್ನು ಕಂಡರೆ ನಮಗೆ ಯಾರಿಗೂ ನಂಬಿಕೆಯಿಲ್ಲ. ಬೈದು, ಜಗಳವಾಡಿ, ಬೀದಿಯ ನಾಲ್ಕು ಜನರನ್ನು ಸೇರಿಸಿ, ಕೊನೆಗೆ ಎದುರಿನವನು ‘ಆಯ್ತು ಬಿಡ್ರೀ, ನಂದೇ ತಪ್ಪು’ ಎಂದು ಗೊಣಗಿದರೆ ಅದು ಅಸಲಿ ತಪ್ಪೊಪ್ಪಿಗೆ. ಅದಕ್ಕೊಂದು ತೂಕವಿದೆ. ಅದು ಬಿಟ್ಟು ಯಾರೋ ಒಬ್ಬ ಬೆಳ್ಳಂಬೆಳಗ್ಗೆ ಬಾಗಿಲು ತಟ್ಟಿ, ‘ನಾನು ನಿಮಗೆ ಮಾರಿದ ವಸ್ತುವಿನಲ್ಲಿ ದೋಷವಿದೆ, ನಿಮಗಿನ್ನೂ ಗೊತ್ತಾಗಿಲ್ಲ, ದಯವಿಟ್ಟು ವಾಪಸ್ ಕೊಡಿ, ಹೊಸದು ಕೊಡುತ್ತೇನೆ’ ಎಂದರೆ ನಾವು ಮೊದಲು ನೋಡುವುದು ಅವನ ಮುಖವನ್ನಲ್ಲ. ಅವನ ಹಿಂದೆ ಇನ್ನಿಬ್ಬರು ಮರೆಯಲ್ಲಿ ನಿಂತಿದ್ದಾರೆಯೇ ಎಂದು. ಒಳ್ಳೆಯತನಕ್ಕೆ ನಾವು ಬಾಗಿಲ ಸರಪಳಿ ಹಾಕಿಕೊಂಡೇ ಉತ್ತರ ಕೊಡುವವರು. ಈ ಮಾತನ್ನು ನಾನು ಯಾವುದೋ ತತ್ವಜ್ಞಾನದ ಬಲದಿಂದ ಹೇಳುತ್ತಿಲ್ಲ. ಹಾಗೆ ಬಾಗಿಲು ತಟ್ಟುವ ಕೆಲಸ ನನ್ನ ಪಾಲಿಗೇ ಬಂದಿತ್ತು, ಆದ್ದರಿಂದ ಹೇಳುತ್ತಿದ್ದೇನೆ.

ಶಿವಾಜಿನಗರದಲ್ಲಿ, ಕಮರ್ಷಿಯಲ್ ಸ್ಟ್ರೀಟಿನ ಝಗಮಗಕ್ಕೆ ಬೆನ್ನು ಮಾಡಿ ನಿಂತಿರುವ ಒಂದು ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೇನೆ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಹೀಗೆ ಪ್ಲಗ್ಗಿಗೆ ಸಿಕ್ಕಿಸಬಹುದಾದ ಎಲ್ಲವನ್ನೂ ನಾವು ಮಾರುತ್ತೇವೆ. ಮಾಲೀಕರು ಸಾದಿಕ್ ಭಾಯ್. ನನಗೆ ಕೆಲಸ ಕೊಡುವಾಗ ಅವರು ನನ್ನ ಮಾರ್ಕ್ಸ್ ಕೇಳಲಿಲ್ಲ, ಕೇಳಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ನನ್ನ ಬಂಡವಾಳವೆಲ್ಲ ಗಂಟಲಿನಲ್ಲಿದೆ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಸಾಕು, ಮೂರನೆಯ ಸಲ ಅದು ನನ್ನ ಬಾಯಿಂದಲೇ ಬರುತ್ತದೆ. ನಾನು ‘ಅಮ್ಮ’ ಅನ್ನುವುದಕ್ಕೆ ಮೊದಲು ಕುಕ್ಕರಿನ ಸೀಟಿ ಹೊಡೆದು ಅಮ್ಮನನ್ನು ಅಡುಗೆಮನೆಗೆ ಓಡಿಸುತ್ತಿದ್ದೆನಂತೆ. ಮೆಟ್ರೋದಲ್ಲಿ ಬಾಗಿಲುಗಳು ಎಡಕ್ಕೆ ತೆರೆಯುತ್ತವೆ ಎಂದು ಹೇಳುವ ಹೆಂಗಸು, ಆಟೋದವರ ‘ಆ ಕಡೆ ಬರಲ್ಲ ಗುರೂ’, ಬ್ಯಾಂಕಿನಲ್ಲಿ ಮುಂದಿನ ಟೋಕನ್ ಕರೆಯುವ ಯಂತ್ರ, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದಾರೆ. ಒಮ್ಮೆ ಫ್ರಿಜ್ಜಿನ ಹಿಂದೆ ನಿಂತು ಸಾದಿಕ್ ಭಾಯ್ ದನಿಯಲ್ಲಿ ‘ಏ, ಎರಡು ಚಾಯ್ ಲಾವ್’ ಎಂದು ಕೂಗಿದ್ದೆ. ಚಹಾ ಬಂತು. ಹಿಂದೆಯೇ ಸಾದಿಕ್ ಭಾಯ್ ಕೂಡ ಬಂದರು. ಬೈಯುತ್ತಾರೆಂದುಕೊಂಡರೆ, ಚಿಂತೆಯಿಂದ ಗಂಟಲು ಸವರಿಕೊಳ್ಳುತ್ತಾ, “ನನ್ ಆವಾಜ್ ಹಿಂಗೇ ಐತಾ ಬೇಟಾ? ಇಷ್ಟು ಖರಾಬಾ?” ಎಂದು ಕೇಳಿದರು. ಅಂದಿನಿಂದ ಅವರು ಬೆಳಗ್ಗೆ ಬಿಸಿನೀರಿಗೆ ಜೇನು ಹಾಕಿಕೊಂಡು ಕುಡಿಯುತ್ತಿದ್ದಾರೆ. ದನಿ ಹಾಗೇ ಇದೆ.

ನಾನಿರುವುದು ಹಲಸೂರಿನ ಒಂದು ವಠಾರದಲ್ಲಿ, ಅಜ್ಜಿಯ ಜೊತೆ. ಅಪ್ಪ ಅಮ್ಮ ಕೆ.ಆರ್. ಪುರದ ಕಡೆ ಮನೆ ಮಾಡಿದ್ದಾರೆ. ಅಪ್ಪನ ಫ್ಯಾಕ್ಟರಿ ಅಲ್ಲಿಗೆ ಹತ್ತಿರ. ಅಜ್ಜಿಯನ್ನು ನೋಡಿಕೊಳ್ಳಲು ನನ್ನನ್ನು ಇಲ್ಲಿ ಬಿಟ್ಟಿದ್ದೇವೆ ಎಂದು ಅಪ್ಪ ನೆಂಟರಿಗೆ ಹೇಳುತ್ತಾರೆ. ನನ್ನನ್ನು ನೋಡಿಕೊಳ್ಳಲು ತನ್ನನ್ನು ಬಿಟ್ಟಿದ್ದಾರೆ ಎಂದು ಅಜ್ಜಿ ಅದೇ ನೆಂಟರಿಗೆ ಹೇಳುತ್ತಾಳೆ. ನೆಂಟರು ಅಜ್ಜಿಯನ್ನೇ ನಂಬುತ್ತಾರೆ. ವಠಾರದಲ್ಲಿ ಒಂದೇ ಅಂಗಳಕ್ಕೆ ಮುಖ ಮಾಡಿರುವ ಮೂರು ಬಾಗಿಲುಗಳಿವೆ. ಒಂದು ನಮ್ಮದು. ಎದುರಿನದು ಖಾಲಾ ಅವರದು. ಅವರ ಮನೆಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುವುದನ್ನು ಕೇಳಿ ಕೇಳಿ ಇಡೀ ಬೀದಿಯೇ ಅವರನ್ನು ಖಾಲಾ ಅನ್ನುತ್ತದೆ, ತರಕಾರಿಯವನ ಅಜ್ಜ ಕೂಡ. ಮೂರನೆಯದು ಸೆಲ್ವಿಯಮ್ಮನವರದು, ಗಾರ್ಮೆಂಟ್ಸಿನಲ್ಲಿ ಹೊಲಿದು ಹೊಲಿದು ಭುಜವನ್ನು ಅಲ್ಲೇ ಬಿಟ್ಟು ಬಂದವರು. ಅಜ್ಜಿಗೆ ಮಂಡಿನೋವು, ಖಾಲಾಗೆ ಸೊಂಟ, ಸೆಲ್ವಿಯಮ್ಮನಿಗೆ ಭುಜ. ಮೂವರನ್ನೂ ಸೇರಿಸಿದರೆ ಒಂದು ಆರೋಗ್ಯವಂತ ದೇಹ ಹೊರಡಬಹುದು, ಆದರೆ ಅದಕ್ಕೆ ಯಾರ ನಾಲಿಗೆ ಹಾಕುವುದೆಂದು ಜಗಳವಾಗುತ್ತದೆ.

ಈ ಮೂರು ನೋವಿಗೂ ಮದ್ದಾಗಿ ಇದ್ದದ್ದು ಒಂದೇ ಚೀಲ. ನಾನೇ ಅಂಗಡಿಯಿಂದ ತಂದುಕೊಟ್ಟದ್ದು. ನೀವೂ ನೋಡಿರುತ್ತೀರಿ: ದಿಂಬಿನ ಮರಿಯಂತಿರುವ, ಮಖಮಲ್ಲಿನ ಹೊದಿಕೆಯ ಚೀಲ, ಒಳಗೆ ನೀರಿನಂಥದ್ದೇನೋ ಇರುತ್ತದೆ. ವೈರು ಚುಚ್ಚಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಕೆಂಪು ದೀಪ ಹತ್ತುತ್ತದೆ, ಸಾಕಷ್ಟು ಬಿಸಿಯಾದ ಮೇಲೆ ಟಕ್ ಎಂದು ತಾನೇ ಆರುತ್ತದೆ. ಆಮೇಲೆ ವೈರು ಕಿತ್ತು, ನೋಯುವ ಜಾಗಕ್ಕೆ ಇಟ್ಟುಕೊಂಡು, ‘ಅಮ್ಮಾ’ ಅನ್ನಬೇಕು. ನಮ್ಮದರ ಮೇಲೆ ಒಂದು ಕರಡಿಮರಿಯ ಚಿತ್ರವಿತ್ತು. ಅಜ್ಜಿ ಅದನ್ನು ಕರೆಂಟ್ ಚೀಲ ಎನ್ನುತ್ತಿದ್ದಳು, ಖಾಲಾ ಗರಂ ಥೈಲಿ ಎನ್ನುತ್ತಿದ್ದರು, ಸೆಲ್ವಿಯಮ್ಮ ‘ನಮ್ಮ ಕರಡಿ’ ಎನ್ನುತ್ತಿದ್ದರು. ಸಂಜೆಯ ಧಾರಾವಾಹಿ ಮುಗಿಯುತ್ತಿದ್ದ ಹಾಗೇ ಇಬ್ಬರೂ ನಮ್ಮ ನಡುಮನೆಗೆ ಬಂದು ಕೂರುತ್ತಿದ್ದರು. ಚೀಲ ಅಜ್ಜಿಯ ಮಂಡಿಯಿಂದ ಖಾಲಾರ ಸೊಂಟಕ್ಕೆ, ಸೊಂಟದಿಂದ ಸೆಲ್ವಿಯಮ್ಮನ ಭುಜಕ್ಕೆ ಹೋಗುತ್ತಿತ್ತು. ಭುಜ ತಲುಪುವ ಹೊತ್ತಿಗೆ ಅದು ಉಗುರುಬೆಚ್ಚಗೆ. “ನಂಗೆ ಮಾತ್ರ ಯಾವಾಗ್ಲೂ ಆರಿದ್ದು” ಎಂದು ಸೆಲ್ವಿಯಮ್ಮ ಆಕ್ಷೇಪಿಸುವುದು, “ಹಂಗಾದ್ರೆ ಇನ್ನೊಂದ್ಸಲ ಕಾಯ್ಸಣ” ಎಂದು ಅಜ್ಜಿ ಪ್ಲಗ್ ಹಾಕುವುದು, ಅದು ಕಾಯುವ ತನಕ ಖಾಲಾ ತಮ್ಮ ಸೊಸೆಯ ವಿಷಯ ತೆಗೆಯುವುದು, ಕಾದ ಮೇಲೂ ವಿಷಯ ಮುಗಿಯದಿರುವುದು, ಇದು ನಿತ್ಯದ ಕ್ರಮ. ನಾನು ಮೂಲೆಯಲ್ಲಿ ಕೂತು ಮೂವರ ದನಿಯನ್ನೂ ಕಲಿಯುತ್ತಿದ್ದೆ. ಗೊತ್ತಿರಲಿ, ಆ ಕೋಣೆಯಲ್ಲಿ ಕಲಿಯುತ್ತಿದ್ದವನು ನಾನೊಬ್ಬನೇ ಅಂದುಕೊಂಡಿದ್ದೆ.

ಹೀಗಿರುವಾಗ ಒಂದು ಬೆಳಗ್ಗೆ ಸಾದಿಕ್ ಭಾಯ್ ಮೊಬೈಲನ್ನು ಕಣ್ಣಿಂದ ಮಾರು ದೂರ ಹಿಡಿದು ಓದುತ್ತಾ, “ಚೇತು, ಇಧರ್ ಬಾ” ಎಂದರು. ಚೇತು ನಾನೇ, ಚೇತನ್. ಆ ಬಿಸಿಚೀಲ ತಯಾರಿಸುವ ಕಂಪನಿಯವರು ಸಂದೇಶ ಕಳಿಸಿದ್ದರು. ಕೆಲವು ಚೀಲಗಳಲ್ಲಿ ಆ ಟಕ್ ಅನ್ನುವ ಭಾಗ ಕೈಕೊಡುತ್ತಿದೆ. ದೀಪ ಆರುವುದಿಲ್ಲ, ಒಳಗಿನದು ಕಾಯುತ್ತಲೇ ಹೋಗುತ್ತದೆ, ಚೀಲ ಊದಿ ಒಡೆದರೆ ಮೈ ಸುಡಬಹುದು. ಮಾರಿದ್ದನ್ನೆಲ್ಲ ವಾಪಸ್ ಪಡೆದು ಹೊಸದು ಕೊಡಿ, ಗಿರಾಕಿಗಳಿಗೆ ತಕ್ಷಣ ತಿಳಿಸಿ ಎಂದು.

“ಮಾಲ್ ಬೇಚಿ ಖುಷಿಯಾಗಿದ್ವಿ. ಈಗ ಅವ್ರೇ ವಾಪಸ್ ಕೇಳ್ತಾವ್ರೆ” ಎಂದರು ಸಾದಿಕ್ ಭಾಯ್, ಕೊಟ್ಟ ಹೆಣ್ಣನ್ನು ವಾಪಸ್ ಕರೆದುಕೊಂಡು ಹೋಗಲು ಬೀಗರು ಬಂದಂತೆ ಮುಖ ಮಾಡಿ. ಆಮೇಲೆ ನಿಟ್ಟುಸಿರು ಬಿಟ್ಟು, “ಆದ್ರೂ ಒಳ್ಳೇದೇ ಅಲ್ವಾ? ಯಾರ್‍ದೋ ಅಮ್ಮನ ಕಾಲು ಸುಡೋದಕ್ಕಿಂತ. ನಿನ್ ಗಲೇಮೆ ನೂರು ಆವಾಜ್ ಐತೆ. ಒಂದೊಂದಾಗಿ ತೆಗೆದು ಎಲ್ರಿಗೂ ಫೋನ್ ಹಚ್ಚು” ಎಂದು ಗಿರಾಕಿಗಳ ನಂಬರುಗಳನ್ನು ಕೊಟ್ಟು ಕೂರಿಸಿದರು.

ಮೊದಲ ಕರೆ ಜೀವನ್ ಬಿಮಾ ನಗರದ ಒಬ್ಬ ನಿವೃತ್ತ ಹಿರಿಯರಿಗೆ. ನಾನು ವಾರ್ತೆ ಓದುವವರ ಗಂಭೀರ ದನಿ ಆರಿಸಿಕೊಂಡು ವಿಷಯ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ಈಗ ಓಟಿಪಿ ಕೇಳ್ತೀಯ, ಅಲ್ವಾ?” ಎಂದರು.

“ಇಲ್ಲ ಸಾರ್.”

“ಅಕೌಂಟ್ ನಂಬರು?”

“ಬೇಡ ಸಾರ್.”

“ಮತ್ತೇನ್ ಬೇಕು?”

“ಏನೂ ಬೇಡ ಸಾರ್. ಹಳೇದು ಕೊಡಿ, ಹೊಸದು ತಗೊಳ್ಳಿ, ಅಷ್ಟೇ.”

“ಏನೂ ಕೇಳ್ತಿಲ್ಲ ಅಂದ್ರೆ ನೀನು ತುಂಬಾ ದೊಡ್ಡ ಕಳ್ಳಾನೇ ಇರ್ಬೇಕು” ಎಂದು ಫೋನ್ ಇಟ್ಟರು.

ರಿಚರ್ಡ್ಸ್ ಟೌನಿನ ಒಬ್ಬ ಹೆಂಗಸಿಗೆ ಕರೆ ಮಾಡುವಾಗ ದನಿ ಬದಲಿಸಿದೆ. ಈ ಸಲ ಕಸ್ಟಮರ್ ಕೇರ್ ಮೇಡಂ. ಅದು ನನ್ನ ಅತ್ಯುತ್ತಮ ದನಿಗಳಲ್ಲೊಂದು: ಮೂಗಿನ ತುದಿಯಿಂದ ಹೊರಡುತ್ತದೆ, ಜೇನು ಸವರಿಕೊಂಡಿರುತ್ತದೆ, ಪ್ರತಿ ವಾಕ್ಯದ ಕೊನೆಯಲ್ಲಿ ಒಂದು ಮೆಟ್ಟಿಲು ಹತ್ತುತ್ತದೆ. “ನಮಸ್ಕಾರ, ಮುನ್ನೆಚ್ಚರಿಕೆ ಕ್ರಮವಾಗಿ ತಮ್ಮ ಬಿಸಿಚೀಲವನ್ನು ಹಿಂಪಡೆಯಲಾಗುತ್ತಿದೆ. ತಮ್ಮ ಸಹಕಾರಕ್ಕೆ ಧನ್ಯವಾದಗಳು” ಎಂದೆ. ಆಕೆ, “ಮೇಡಂ, ನಿಮಗೆ ಶೀತ ಆಗಿದೆಯಾ? ಕಷಾಯ ಕುಡೀರಿ” ಎಂದರು. ಚೀಲದ ವಿಷಯ ಎತ್ತಿದರೆ, “ನಮ್ಮದರಲ್ಲಿ ಏನೂ ತೊಂದ್ರೆ ಇಲ್ಲಮ್ಮ. ಮೊದಲಿಗಿಂತ ಈಗ್ಲೇ ಚೆನ್ನಾಗಿ ಬಿಸಿಯಾಗತ್ತೆ. ಸಿಕ್ಕಾಪಟ್ಟೆ ಬಿಸಿಯಾಗತ್ತೆ!” ಎಂದರು.

“ಅದೇ ಅಮ್ಮ ತೊಂದರೆ!” ಎಂದು ಮೇಡಂ ದನಿ ಹಾರಿಹೋಗಿ ನನ್ನ ಗಂಡುದನಿ ಹೊರಬಿತ್ತು. ಆ ಕಡೆ ಫೋನ್ ಸತ್ತಿತು.

ಅರ್ಧ ದಿನ ಹೀಗೇ ಕಳೆಯಿತು. ವೇಷಗಳೆಲ್ಲ ಮುಗಿದವು. ಮೆಟ್ರೋ ಹೆಂಗಸಿನ ದನಿಯನ್ನೂ ಪ್ರಯೋಗಿಸಿದೆ. ಗಿರಾಕಿಗಳು ಯಾವ ಕಡೆ ಇಳಿಯಬೇಕೆಂದು ಕೇಳಲಿಲ್ಲ ಅಷ್ಟೇ. ಸುಸ್ತಾಗಿ, ಬೇರೆ ದನಿಯೇ ಉಳಿಯದೆ, ಒಬ್ಬ ಹೆಂಗಸಿನ ಹತ್ತಿರ ನನ್ನ ಸ್ವಂತ ದನಿಯಲ್ಲಿ ಮಾತಾಡಿದೆ. ಅಪರೂಪಕ್ಕೆ ತೆಗೆದದ್ದರಿಂದ ಅದು ಸ್ವಲ್ಪ ತುಕ್ಕು ಹಿಡಿದಿತ್ತು. “ಅಮ್ಮಾ, ನಾನು ಅಂಗಡಿ ಹುಡುಗ. ನಮ್ಮ ಅಜ್ಜಿ ಹತ್ರಾನೂ ಇದೇ ಚೀಲ ಇದೆ. ದಯವಿಟ್ಟು ಪ್ಲಗ್ಗಿಗೆ ಹಾಕ್ಬೇಡಿ” ಎಂದೆ. ಮೊದಲ ಬಾರಿಗೆ ಆ ಕಡೆ ಫೋನ್ ಇಡಲಿಲ್ಲ. ಆಕೆ ಮೆತ್ತಗೆ ಕೇಳಿದರು: “ಹೌದೇನಪ್ಪಾ? ನಿಮ್ಮಜ್ಜಿದು ವಾಪಸ್ ತಗೊಂಡ್ರಾ?”

ಬೆಳಗ್ಗಿನಿಂದ ಊರಿಗೆಲ್ಲ ಎಚ್ಚರಿಕೆ ಹೇಳುತ್ತಿದ್ದ ಮಹಾನುಭಾವ ತನ್ನ ಮನೆಗೊಂದು ಫೋನ್ ಮಾಡಿರಲಿಲ್ಲ! ಕೂಡಲೇ ಮಾಡಿದೆ. ಅಜ್ಜಿ ಎತ್ತಲಿಲ್ಲ. ಅಜ್ಜಿಯ ಮೊಬೈಲ್ ಅಕ್ಕಿ ಡಬ್ಬದ ಮೇಲಿರುತ್ತದೆ. ಅಕ್ಕಿ ಬೇಕಾದಾಗ ಮಾತ್ರ ಅದಕ್ಕೆ ಕಿವಿ ಸಿಗುತ್ತದೆ. ಆ ದಿನ ಬೇರೆ ಮೋಡ ಕವಿದು ಚಳಿ ಗಾಳಿಯಿತ್ತು. ಅಂಥ ದಿನ ಮಂಡಿಗಳು ಸಂಜೆಯ ತನಕ ಕಾಯುವುದಿಲ್ಲ. “ಭಾಯ್, ಮನೆಗೆ ಹೋಗ್ಬೇಕು” ಎಂದೆ. ನನ್ನ ಮುಖ ನೋಡಿದ ಸಾದಿಕ್ ಭಾಯ್ ಏನೂ ಕೇಳದೆ ತಮ್ಮ ಸ್ಕೂಟರಿನ ಕೀಲಿ ಎಸೆದರು. ಹಲಸೂರು ಕೆರೆಯ ಪಕ್ಕದ ಸಿಗ್ನಲ್ಲು ಜೀವಮಾನದಲ್ಲೇ ಅಷ್ಟು ಹೊತ್ತು ಕೆಂಪಗಿದ್ದದ್ದನ್ನು ನಾನು ಕಂಡಿರಲಿಲ್ಲ. ಕಣ್ಣ ಮುಂದೆ ಇನ್ನೊಂದು ಕೆಂಪು ದೀಪ ಆರದೆ ಉರಿಯುತ್ತಿತ್ತು. ತಮಾಷೆಯ ಒಂದು ಮಾತೂ ತಲೆಗೆ ಬರಲಿಲ್ಲ. ತಲೆ ಖಾಲಿಯಾದರೆ ಹೀಗಿರುತ್ತದೆಯೇ ಎಂದು ಗಾಬರಿಯಾಯಿತು.

ನಡುಮನೆಗೆ ನುಗ್ಗಿದಾಗ ಮೂವರೂ ಇದ್ದರು. ಅಜ್ಜಿ ಕಾಲು ಚಾಚಿ ಚಾಪೆಯ ಮೇಲೆ ಕೂತಿದ್ದಳು. ಅವಳ ಪಾದದ ಪಕ್ಕದಲ್ಲೇ ಚೀಲ, ಪ್ಲಗ್ಗಿನಲ್ಲಿ ವೈರು, ವೈರಿನ ತುದಿಯಲ್ಲಿ ಕೆಂಪು ದೀಪ. ಕರಡಿಮರಿ ಮೈತುಂಬಿಕೊಂಡು ದೊಡ್ಡ ಕರಡಿಯಾಗಿತ್ತು. ನಾನು ಹಾರಿ ಸ್ವಿಚ್ ಆರಿಸಿದೆ, ವೈರು ಕಿತ್ತೆ, ಅಜ್ಜಿಯ ಎರಡೂ ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಎಳೆದೆ.

“ಅಯ್ಯೋ, ಏನೋ ಇದು, ಮೂಟೆ ಎಳ್ದಂಗೆ ಎಳೀತೀಯ!” ಎಂದಳು ಅಜ್ಜಿ.

“ಚೀಲ ಊದಿದೆ ಅಜ್ಜಿ! ಕಾಣಲ್ವಾ?”

“ಊದ್ದೇ ಇನ್ನೇನು? ನಿನ್ನೆ ತಾನೇ ತುಂಬ್ಸಿದೀನಿ.”

“ಏನ್ ತುಂಬ್ಸಿದೀಯ?”

ಆಗ ಹೊರಬಿತ್ತು ವಿಷಯ. ಚೀಲ ಮೂಲೆಯಲ್ಲಿ ಸೋರತೊಡಗಿ ಬಹಳ ದಿನವಾಗಿತ್ತಂತೆ. ನಮ್ಮ ಜನ ಸೋರುವ ವಸ್ತುವನ್ನು ಎಸೆಯುವವರಲ್ಲ. ಬಕೆಟ್ಟಿನ ಬಿರುಕಿಗೆ ಮೇಣ, ಕೊಡೆಯ ಕಡ್ಡಿಗೆ ದಾರ, ಕನ್ನಡಕದ ಕಾಲಿಗೆ ಬೆಂಕಿಕಡ್ಡಿ, ಹೀಗೆ ನಮ್ಮ ವಠಾರದಲ್ಲಿ ಪ್ರತಿಯೊಂದು ವಸ್ತುವೂ ಬ್ಯಾಂಡೇಜ್ ಕಟ್ಟಿಕೊಂಡೇ ಸಂಸಾರ ನಡೆಸುತ್ತದೆ. ಖಾಲಾ ಆ ಚೀಲವನ್ನು ಬೀದಿ ತುದಿಯ ಪಂಕ್ಚರ್ ಅಂಗಡಿಗೆ ಒಯ್ದು ಸೈಕಲ್ ಟ್ಯೂಬಿಗೆ ಹಾಕುವ ತೇಪೆ ಹಾಕಿಸಿಕೊಂಡು ಬಂದಿದ್ದರು. ಸೋರಿ ಹೋದದ್ದರ ಬದಲಿಗೆ ಅಜ್ಜಿ ಬಿರಡೆ ಕಿತ್ತು ನಲ್ಲಿ ನೀರು ತುಂಬಿದ್ದಳು. ಮಂಡಿನೋವಿಗೆ ಉಪ್ಪಿನ ಶಾಖ ಒಳ್ಳೆಯದೆಂದು ಸೆಲ್ವಿಯಮ್ಮ ಅದಕ್ಕೊಂದು ಹಿಡಿ ಕಲ್ಲುಪ್ಪು ಸೇರಿಸಿದ್ದರು. ಕಂಪನಿಯವರು ಒಂದು ದೋಷಕ್ಕೆ ಹೆದರಿ ಊರೆಲ್ಲ ಫೋನ್ ಮಾಡಿಸುತ್ತಿದ್ದರೆ, ಈ ಮೂವರು ಸೇರಿ ಅದಕ್ಕೆ ಇನ್ನೂ ಮೂರನ್ನು ಕೂಡಿಸಿದ್ದರು.

“ಆ ಟಕ್ ಅನ್ನೋ ಸದ್ದು ಬರ್ತಿತ್ತಾ?” ಎಂದು ಕೇಳಿದೆ.

“ಈಗ ಎಲ್ಲಿ? ಮೊದ್ಲು ಮೊದ್ಲು ಟಕ್ ಟಕ್ ಅಂತಿತ್ತು. ಈಗ ಬುದ್ಧಿ ಬಂದಿದೆ, ಸದ್ದಿಲ್ದೆ ಕೆಲಸ ಮಾಡತ್ತೆ. ನಿನ್ ಹಂಗಲ್ಲ” ಎಂದಳು ಅಜ್ಜಿ.

ನಾನು ಕಂಪನಿಯ ಸಂದೇಶ ವಿವರಿಸಿದೆ. ಅಜ್ಜಿ ಉದಾರವಾಗಿ, “ನಮ್ಮಿಂದ ಏನೂ ದೂರಿಲ್ಲ ಅಂತ ಹೇಳ್ಬಿಡು ಅವ್ರಿಗೆ” ಎಂದಳು.

“ದೂರು ನಿಂದಲ್ಲ ಅಜ್ಜಿ. ಅವರ ವಸ್ತು ಸರಿಯಿಲ್ಲ ಅಂತ ಅವರೇ ಹೇಳ್ತಿದಾರೆ.”

“ಅವರ ಮೇಲೆ ಅವ್ರೇ ದೂರು ಕೊಟ್ಕೊಂಡಿದಾರಾ? ಪಾಪ, ಯಾರೋ ಒಳ್ಳೇ ಮನೆತನದೋರು.”

“ಕೊಡೋದು ನಕ್ಕೋ ಬೇಟಾ, ಬೇಡ. ನಮ್ ಸೊಂಟ ಏನ್ ಮಾಡ್ಬೇಕು?” ಎಂದರು ಖಾಲಾ.

ಅಜ್ಜಿ ತನ್ನ ಮಂಡಿ ಸವರಿಕೊಂಡು, “ಈ ಮಂಡಿನೂ ಕೈಕೊಟ್ಟು ಎಷ್ಟು ವರ್ಷ ಆಯ್ತು. ಮಾಡಿದೋನು ಒಂದ್ಸಲನಾದ್ರೂ ಫೋನ್ ಮಾಡಿ, ‘ಅಮ್ಮಾ, ಸರಿ ಇಲ್ವಂತೆ, ತಗೊಂಬಾ, ಹೊಸದು ಕೊಡ್ತೀನಿ’ ಅಂದ್ನಾ? ಇರೋದ್ರಲ್ಲೇ ತೇಪೆ ಹಾಕ್ಕೊಂಡು ನಡೀತಿಲ್ವಾ?” ಎಂದಳು. ಮೂವರೂ ನಕ್ಕರು. ನಾನು ನಗಲಿಲ್ಲ. ತೇಪೆಯ ಅಂಚು ಮೆಲ್ಲಗೆ ಏಳುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಮರುಕ್ಷಣ ಅದು ಕಿತ್ತುಕೊಂಡಿತು. ಪುಸ್ಸೆಂದು ಕುದಿಯುವ ಉಪ್ಪುನೀರು ಚಿಮ್ಮಿ, ಈಗಷ್ಟೇ ಅಜ್ಜಿಯ ಪಾದವಿದ್ದ ಜಾಗವನ್ನೆಲ್ಲ ನೆನೆಸಿತು. ಚಾಪೆಯಿಂದ ಹಬೆ ಎದ್ದಿತು. ಸೆಲ್ವಿಯಮ್ಮ “ಮುರುಗಾ” ಎಂದು ಎದೆಯ ಮೇಲೆ ಕೈ ಇಟ್ಟುಕೊಂಡರು. ಖಾಲಾ ಅಜ್ಜಿಯ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಅಜ್ಜಿ ಆ ಹಬೆಯನ್ನೇ ನೋಡುತ್ತಾ, “ಹೋಗ್ಲಿ ಬಿಡು. ಹೆಂಗೂ ನೆಲ ಒರೆಸ್ಬೇಕಿತ್ತು” ಎಂದಳು. ಹಾಗೆನ್ನುವಾಗ ಅವಳ ದನಿ ನಡುಗಿತು. ಅವಳ ಎಲ್ಲ ದನಿಗಳನ್ನೂ ಬಲ್ಲೆ ಎಂದುಕೊಂಡಿದ್ದ ನನಗೆ ಅದು ಗೊತ್ತಿರಲಿಲ್ಲ. ಕಲಿಯುವ ಮನಸ್ಸೂ ಆಗಲಿಲ್ಲ.

ಕರಡಿಯ ಅವಶೇಷವನ್ನು ಅಂಗಡಿಗೆ ಒಯ್ದೆ. ಕಂಪನಿಯವರು ಬದಲಿಗೆ ಹೊಸ ಚೀಲ ಕೊಟ್ಟರು. ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಒಳಗೆ ಹುಟ್ಟಿದ್ದ ಹೆದರಿಕೆ ಇನ್ನೂ ಇಳಿದಿರಲಿಲ್ಲ, ಅದರ ಜೊತೆಗೆ ಉದಾರತೆಯೂ ಸೇರಿಕೊಂಡು ಇನ್ನೂ ಎರಡು ಚೀಲ ಕೊಂಡುಬಿಟ್ಟೆ. ಮೂವರಿಗೂ ಒಂದೊಂದು. ಎಲ್ಲವೂ ಹೊಸ ತಯಾರಿಕೆ, ಎಲ್ಲವೂ ನಾನೇ ಅಂಗಡಿಯಲ್ಲಿ ಕಾಯಿಸಿ ಟಕ್ ಎನ್ನಿಸಿ ನೋಡಿದ್ದು. ಇನ್ನು ಸೆಲ್ವಿಯಮ್ಮನಿಗೂ ಆರಿದ್ದು ಬೇಕಿಲ್ಲ, ಖಾಲಾ ಕಾಯಬೇಕಿಲ್ಲ. “ಉಪ್ಪು ಬೇಡ, ನೀರು ಬೇಡ, ಪಂಕ್ಚರ್ ಅಂಗಡಿ ಬೇಡವೇ ಬೇಡ” ಎಂದು ಭಾಷಣ ಮಾಡಿ ಹಂಚಿದೆ. ಮೂವರೂ ತಲೆ ಸವರಿ ಹರಸಿದರು. ಲೋಕೋಪಕಾರಿಗಳು ರಾತ್ರಿ ಹೇಗೆ ನಿದ್ದೆ ಮಾಡುತ್ತಾರೆಂದು ಅಂದು ತಿಳಿಯಿತು, ಗೊರಕೆ ಹೊಡೆಯುತ್ತಾರೆ.

ಮರುದಿನ ಸಂಜೆ ಮನೆಗೆ ಬಂದರೆ ನಡುಮನೆಯಲ್ಲಿ ಅಜ್ಜಿಯೊಬ್ಬಳೇ. ಎದುರು ಬಾಗಿಲು ಮುಚ್ಚಿತ್ತು, ಒಳಗಿಂದ ಖಾಲಾರ ಟಿವಿ ಕೇಳುತ್ತಿತ್ತು. ಪಕ್ಕದಲ್ಲಿ ಸೆಲ್ವಿಯಮ್ಮನ ಟಿವಿ ಇನ್ನೊಂದು ಭಾಷೆಯಲ್ಲಿ ಅಳುತ್ತಿತ್ತು. ಯಾವುದೋ ಕೆಲಸವಿರಬೇಕು ಎಂದುಕೊಂಡೆ. ಅದರ ಮರುದಿನವೂ ಹಾಗೇ. ಆಮೇಲೂ ಹಾಗೇ. ಜಗಳವೇನಾದರೂ ಆಯಿತೇ ಎಂದು ಕೇಳಿದೆ. “ಜಗಳ ಎಲ್ಲಿ? ಜಗಳಕ್ಕೂ ಒಂದ್ಕಡೆ ಕೂತ್ಕೋಬೇಕಲ್ಲ” ಎಂದಳು ಅಜ್ಜಿ.

“ಕರೀಬಹುದಲ್ಲ?”

“ಏನಂತ ಕರೀಲಿ? ಅವ್ರವ್ರ ಮನೇಲಿ ಅವ್ರವ್ರ ಚೀಲ ಐತೆ. ಸುಮ್‌ಸುಮ್ನೆ ಬನ್ನಿ ಅಂತಾರಾ ಯಾರಾದ್ರೂ?” ಹೊಸ ಚೀಲ ಟಕ್ ಎಂದು ಆರಿತು. ಅಜ್ಜಿ ಅದನ್ನು ಮಂಡಿಯ ಮೇಲಿಟ್ಟುಕೊಂಡು, “ಚೆನ್ನಾಗಿದೆ. ಬೇಗ ಕಾಯತ್ತೆ, ಬೇಗ ಮುಗಿಯತ್ತೆ” ಎಂದಳು.

ಅಪಾಯದ ವಸ್ತುವನ್ನು ಮನೆಯಿಂದ ತೆಗೆದಿದ್ದೆ. ಅದರ ಜೊತೆಗೆ ಇನ್ನೇನನ್ನೋ ತೆಗೆದುಬಿಟ್ಟಿದ್ದೆ. ಅದನ್ನು ವಾಪಸ್ ಕೊಡಲು ಯಾವ ಕಂಪನಿಯ ಬಳಿಯೂ ವ್ಯವಸ್ಥೆಯಿಲ್ಲ. ಮೊದಲಾದರೆ ನೋವು ಇದ್ದರೆ ಸಾಕಿತ್ತು, ನೆರೆಮನೆಗೆ ಹೋಗಲು ಅದೇ ಕಾರಣ. ಈಗ ನೋವು ಹಾಗೇ ಉಳಿದು ಕಾರಣ ಹೊರಟುಹೋಗಿತ್ತು. ಸರಿ, ನನ್ನಿಂದ ಆದದ್ದನ್ನು ನಾನೇ ತುಂಬಿಕೊಡೋಣವೆಂದು ಸಂಜೆಗಳಲ್ಲಿ ಪ್ರದರ್ಶನ ಶುರು ಮಾಡಿದೆ. ಅಂಗಡಿಯ ಫೋನುಗಳನ್ನೆಲ್ಲ ಅಭಿನಯಿಸಿದೆ. ಜೀವನ್ ಬಿಮಾ ನಗರದ ಹಿರಿಯರು, ಕಷಾಯದ ಹೆಂಗಸು, ನನ್ನ ಕಸ್ಟಮರ್ ಕೇರ್ ಮೇಡಂ. ಅಜ್ಜಿ ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದಳು. “ಆ ಮೇಡಂದು ಇನ್ನೊಂದ್ಸಲ ಮಾಡು. ‘ಮುನ್ನೆಚ್ಚರಿಕೆ ಕ್ರಮವಾಗಿ’ ಅಂತಾಳಲ್ಲ, ಅದು. ಅಲ್ಲಿ ಮೂಗು ಎಲ್ಲಿ ಎಳೀತಾಳೆ?” ಎಂದು ಕೇಳುತ್ತಿದ್ದಳು. ಕಲಾವಿದನಿಗೆ ಇನ್ನೇನು ಬೇಕು? ಮೂಗು ಎಳೆಯುವ ಜಾಗವನ್ನು ಬಿಡಿಸಿ ಬಿಡಿಸಿ ತೋರಿಸಿದೆ.

ಒಂದು ಸಂಜೆ ಧೈರ್ಯ ಮಾಡಿ ಖಾಲಾ ಮತ್ತು ಸೆಲ್ವಿಯಮ್ಮನ ದನಿಗಳಲ್ಲೇ ಮಾತಾಡಿದೆ. ಆ ಮೂಲೆಯಿಂದ ಖಾಲಾ, ಈ ಮೂಲೆಯಿಂದ ಸೆಲ್ವಿಯಮ್ಮ, ಎರಡು ಚಾಪೆಯ ನಡುವೆ ಓಡಾಡಿ ಬೆವರಿದೆ. ಅಜ್ಜಿ ನಕ್ಕಳು. ಆಮೇಲೆ ನಗು ಆರಿತು.

“ಚೆನ್ನಾಗಿ ಮಾಡ್ತೀಯ ಕಣೋ. ಅದೇ ದನಿ, ಅದೇ ಕೆಮ್ಮು. ಆದ್ರೆ ನೀನ್ ಮಾಡೋ ಖಾಲಾ ನಾನ್ ಏನಂದ್ರೂ ಸಿಟ್ಟಾಗಲ್ಲ” ಎಂದಳು.

ನನ್ನ ಕಲೆಯ ಬಗ್ಗೆ ಇದಕ್ಕಿಂತ ಸರಿಯಾದ ವಿಮರ್ಶೆ ಇನ್ನೂ ಬಂದಿಲ್ಲ. ನಾನು ಒಂದು ಮೂಲೆಗೆ ಹೋಗಿ ನನ್ನ ಸ್ವಂತ ದನಿಯಲ್ಲಿ ಸುಮ್ಮನೆ ಕೂತೆ.

ಇದಾದ ಕೆಲವು ದಿನಗಳ ಮೇಲೆ ಅಂಗಡಿಯಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ನನಗೊಂದು ಕರೆ ಬಂತು. “ನಮಸ್ಕಾರ. ಬಿಸಿಚೀಲದ ಕಂಪನಿಯಿಂದ ಮಾತನಾಡುತ್ತಿದ್ದೇವೆ. ಚೇತನ್ ಅವರಾ?” ಎಂದಿತು ಒಂದು ಹೆಣ್ಣುದನಿ. ಮೂಗಿನ ತುದಿಯಿಂದ ಹೊರಟು, ಜೇನು ಸವರಿಕೊಂಡು, ವಾಕ್ಯದ ಕೊನೆಗೆ ಮೆಟ್ಟಿಲು ಹತ್ತಿದ ದನಿ. ಎಷ್ಟು ಸರಿಯಾಗಿ ಅನುಕರಿಸಿದ್ದೆ ನಾನು, ನಿಜವಾದ ಮೇಡಂ ಹೀಗೇ ಇದ್ದಾರಲ್ಲ ಎಂದು ಹೆಮ್ಮೆಯಾಯಿತು.

“ಹೌದು ಮೇಡಂ.”

“ತಾವು ಹಲಸೂರಿನ ಮನೆಗಳಿಗೆ ಒಯ್ದ ಮೂರು ಚೀಲಗಳ ಪೈಕಿ ತಮ್ಮ ಅಜ್ಜಿಯವರದು ಬಹಳ ಉತ್ತಮವಾಗಿದೆ. ಮಿಕ್ಕ ಎರಡನ್ನು ಮುನ್ನೆಚ್ಚರಿಕೆ ಕ್ರಮವಾಗಿ ಹಿಂಪಡೆಯಲಾಗುತ್ತಿದೆ. ಇವತ್ತೇ ವಾಪಸ್ ತರಬೇಕು.”

ಚಾಪೆಯಿಂದ ಎದ್ದ ಹಬೆ ಕಣ್ಣಿಗೆ ಬಂತು. ಕೂತಿದ್ದವನು ಎದ್ದು ನಿಂತೆ. “ಸರಿ ಮೇಡಂ. ಈಗಲೇ ಮೇಡಂ” ಎಂದೆ. ಮೇಡಂ ಹಿಂದೆ ಒಂದು ಕಡೆ ದೇವಸ್ಥಾನದ ಗಂಟೆ, ಇನ್ನೊಂದು ಕಡೆ ಆಜಾನ್, ನಡುವೆ ಒಂದು ಕುಕ್ಕರಿನ ಸೀಟಿ ಕೇಳುತ್ತಿತ್ತು. ಕಂಪನಿಯ ಆಫೀಸೂ ನಮ್ಮ ಬೀದಿಯಂಥ ಬೀದಿಯಲ್ಲೇ ಇದೆಯಲ್ಲ, ಬೆಂಗಳೂರೇ ಹೀಗೆ ಎಂದುಕೊಂಡೆನೇ ಹೊರತು ಬುದ್ಧಿ ಇನ್ನೊಂದು ಹೆಜ್ಜೆ ಮುಂದೆ ಹೋಗಲಿಲ್ಲ. ಮೇಡಂ ಓಟಿಪಿ ಕೇಳಲಿಲ್ಲ, ಬಿಲ್ ಕೇಳಲಿಲ್ಲ, ಏನೂ ಕೇಳಲಿಲ್ಲ. ಜೀವನ್ ಬಿಮಾ ನಗರದ ಹಿರಿಯರು ಅಂಥವರ ಬಗ್ಗೆ ಹೇಳಿದ್ದು ಆಗ ನೆನಪಿಗೆ ಬರಬೇಕಿತ್ತು.

ಓಡಿದೆ. ಖಾಲಾ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಚೀಲ, ವೈರು ಅಂದವಾಗಿ ಸುತ್ತಿತ್ತು. “ತಗೋ ಬೇಟಾ. ಕಂಪನಿ ಹೇಳಿದ್ಮೇಲೆ ಕೊಡ್ಬೇಕಲ್ವಾ?” ಎಂದರು. ಕಂಪನಿ ಹೇಳಿದ ವಿಷಯ ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ. ಸೆಲ್ವಿಯಮ್ಮ ತಮ್ಮದನ್ನು ಮೂಲ ಡಬ್ಬಕ್ಕೇ ಹಾಕಿ, ಮೇಲೊಂದು ರಬ್ಬರ್ ಬ್ಯಾಂಡ್ ಬಿಗಿದು ಇಟ್ಟಿದ್ದರು. “ಜಾಗ್ರತೆ ಕಣ್ಣಾ, ಡೇಂಜರು” ಎಂದರು, ಕಣ್ಣು ಮಾತ್ರ ಬೇರೆ ಏನೋ ಹೇಳುತ್ತಿತ್ತು. ಹೋದ ಸಲ ಊದಿದ ಚೀಲವನ್ನೇ ಬಿಡಲೊಪ್ಪದಿದ್ದವರು ಇವರೇ. ಆದರೂ ನನಗೆ ಅನುಮಾನ ಬರಲಿಲ್ಲ ಎಂದರೆ, ಬೇರೆಯವರ ದನಿ ಕದಿಯುವವನಿಗೆ ತನ್ನ ಮನೆಯಲ್ಲಿ ಕಳ್ಳತನವಾಗುತ್ತದೆ ಎಂದು ಹೊಳೆಯುವುದಿಲ್ಲ ಎಂದೇ ಅರ್ಥ.

ಅಂಗಡಿಯಲ್ಲಿ ಸಾದಿಕ್ ಭಾಯ್ ಎರಡನ್ನೂ ಕಾಯಿಸಿ ನೋಡಿದರು. ಟಕ್. ಟಕ್. “ಏನ್ ಫಾಲ್ಟ್ ಐತೆ ಇದ್ರಲ್ಲಿ?” ಎಂದರು. ಕಂಪನಿಗೆ ಫೋನ್ ಮಾಡಿ ಕೇಳಿದರೆ ಅವರು, ಯಾವ ವಾಪಸಾತಿ, ನಾವು ಯಾರಿಗೂ ಕರೆ ಮಾಡಿಲ್ಲ, ಆ ಚೀಲಗಳು ಪೂರ್ತಿ ಸುರಕ್ಷಿತ ಎಂದರು. ಮಾತಾಡಿದವರು ಒಬ್ಬ ಗಂಡಸು. ದನಿಯಲ್ಲಿ ಜೇನೂ ಇರಲಿಲ್ಲ, ಮೆಟ್ಟಿಲೂ ಇರಲಿಲ್ಲ. ನನಗೆ ಬಂದ ಕರೆಯ ನಂಬರಿಗೆ ಮತ್ತೆ ಹಚ್ಚಿದೆ. “ಯಾರು?” ಎಂದಿತು ಖಾಲಾರ ಸೊಸೆಯ ದನಿ. ಆ ದನಿಯನ್ನು ನಾನು ಎರಡಲ್ಲ, ಇನ್ನೂರು ಸಲ ಕೇಳಿದ್ದೆ.

ಸಂಜೆ ಮನೆಗೆ ಬಂದಾಗ ಅಂಗಳಕ್ಕೇ ಕೇಳುತ್ತಿತ್ತು. “ನಂಗೆ ಮಾತ್ರ ಯಾವಾಗ್ಲೂ ಆರಿದ್ದು!” “ಅರೆ, ಇನ್ನೊಂದ್ಸಲ ಕಾಯ್ಸು ಅಮ್ಮಾ, ಸೊಸೆ ವಿಷ್ಯ ಇನ್ನೂ ಅರ್ಧ ಐತೆ.” ನಡುಮನೆಯಲ್ಲಿ ಮೂವರು, ಚೀಲ ಒಂದು. ಅಜ್ಜಿಯ ಮುಖದಲ್ಲಿ ಬಹಳ ದಿನದ ಮೇಲೆ ಜಗಳದ ಕಳೆಯಿತ್ತು. ನಾನು ಹೊಸ್ತಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತೆ. ಕೇಳಬೇಕಾದ ಪ್ರಶ್ನೆಗಳು ನಾಲಿಗೆಯ ಮೇಲೆ ಸಾಲಾಗಿ ನಿಂತಿದ್ದವು. ಸೆಲ್ವಿಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರು. ಖಾಲಾ ಗೋಡೆಯ ಕಡೆ ತಿರುಗಿದರು. ಅವರ ಸೊಂಟ ನಗುವಿಗೆ ಕುಲುಕುತ್ತಿತ್ತು, ನೋವಿನ ಸುಳಿವೇ ಇರಲಿಲ್ಲ.

ಅಜ್ಜಿ ಮಾತ್ರ ಅಲುಗಲಿಲ್ಲ. ಪ್ಲಗ್ಗಿನ ದೀಪ ಟಕ್ ಎಂದು ಆರುವ ತನಕ ಕಾದು, ವೈರು ಕಿತ್ತು, ಚೀಲವನ್ನು ಈ ಸಲ ಮೊದಲು ಸೆಲ್ವಿಯಮ್ಮನ ಭುಜಕ್ಕಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. ಮೂಗನ್ನು ಸ್ವಲ್ಪ ಎಳೆದಳು. ನಾನು ತೋರಿಸಿಕೊಟ್ಟ ಜಾಗದಲ್ಲಿ, ನನಗಿಂತ ಚೆನ್ನಾಗಿ.

“ತಮ್ಮ ಸಹಕಾರಕ್ಕೆ ಧನ್ಯವಾದಗಳು” ಎಂದಳು.

ನಾನು ಸೊಂಟದಿಂದ ಕೈ ಇಳಿಸಿ ನೆಟ್ಟಗೆ ನಿಂತು, “ಸರಿ ಮೇಡಂ” ಎಂದೆ.